ಬಲಗಡೆಯ ಜಾಗ

ಅಕ್ಕಾ,

ಕೇಳಲು ನೀನಿಲ್ಲ, ಆದರೂ ಪರದೆ ಎತ್ತಿದ್ದೇನೆ. ಇವತ್ತಿನ ರಂಗಸ್ಥಳ, ಟ್ರೆಡ್‌ಮಿಲ್ ಮಾರುವ ಅಂಗಡಿ. ಎಳೆದು ತಂದವರು ನಮ್ಮ ಯಜಮಾನರು.

"ಚಳಿಗಾಲ ಪೂರ್ತಿ ಮನೇಲೇ ಓಡು. ಆ ಮಂಜಲ್ಲಿ ಒಬ್ಬರನ್ನ ಕಳ್ಕೊಂಡಿದ್ದು ಸಾಕು" ಎಂದು ಪಟ್ಟು ಹಿಡಿದಿದ್ದರು.

ರಥವೇರುವ ಠೀವಿಯಲ್ಲಿ ಯಂತ್ರ ಹತ್ತಿ ಓಡತೊಡಗಿದೆ.

"ಮೇಡಂ, ಅಂಚಿಗೆ ಯಾಕೆ ಹೋಗ್ತೀರಿ? ಮಧ್ಯಕ್ಕೆ ಬನ್ನಿ, ಜಾಗವೆಲ್ಲ ನಿಮ್ದೇ" ಎಂದ ಅಂಗಡಿಯವನು.

ಮಧ್ಯಕ್ಕೆ ಬಂದೆ. ನೋಡಿದರೆ ಮತ್ತೆ ಎಡ ಅಂಚಿನಲ್ಲಿದ್ದೆ. "ಗಾಡಿಗಳ ಕಡೆ ನಾನಿರ್ತೀನಿ, ನೀನು ಒಳಗಡೆ ಓಡು ಕಣೇ" ಎಂದು ದಿನವೂ ಬಲಗಡೆ ಓಡುತ್ತಿದ್ದವಳು ನೀನು. ಕಾಲುಗಳು ಇನ್ನೂ ನಿನಗೆ ಜಾಗ ಬಿಡುತ್ತಿವೆ.

ಯಜಮಾನರೇ ಯಂತ್ರ ನಿಲ್ಲಿಸಿದರು.

"ಇದು ಬೇಡ. ಇಬ್ಬರು ಓಡೋಕಾಗಲ್ಲ" ಎಂದೆ.

"ಇದರ ಮೇಲೆ ಇಬ್ಬರು ಯಾಕೆ ಓಡ್ತಾರೆ ಮೇಡಂ?" ಅಂಗಡಿಯವನು ಕಕ್ಕಾಬಿಕ್ಕಿಯಾದ.

ಹೊರಗೆ ಬಂದ ಮೇಲೆ ಯಜಮಾನರು, "ದಿನಾ ಬೆಳಿಗ್ಗೆ ಮಂಜು ಕರಗಿದ ಮೇಲೆ ಹೋಗೋಣ. ನಾನೂ ಬರ್ತೀನಿ" ಎಂದರು. ಆ ಹೊಟ್ಟೆ ಹೊತ್ತು ಬೀದಿಯ ಕೊನೆ ಮುಟ್ಟಿದರೆ ನನ್ನದೇ ಚಪ್ಪಾಳೆ.

ನಾಳೆಯಿಂದ ಓಟ ಶುರು, ಅಕ್ಕಾ. ಅವರು ಒಳಗಡೆ ಓಡಲಿ. ಗಾಡಿಗಳ ಕಡೆ ನಾನಿರುತ್ತೇನೆ.