ಕೈ ಎತ್ತಿದರೆ ನಿಲ್ಲಬೇಕು

ಆಸ್ಪತ್ರೆ, ಕಿಟಕಿ ಪಕ್ಕದ ಮಂಚ
ಸೋಮವಾರ

ಹಳೇ ದೋಸ್ತ ಸೀಟಿಗೆ,

ಬದುಕಿದ್ದೇನೆ. ಜಾಸ್ತಿ ಮಾತಾಡಬೇಡಿ ಅಂದಿದ್ದಾರೆ, ಅದಕ್ಕೇ ಫೋನು ಬಿಟ್ಟು ಈ ಕಾಗದ. ಅಕ್ಷರ ನೋಡಿ ನಗಬೇಡ. ಶಾಲೆ ಬಿಟ್ಟು ಕ್ರೇನು ಹತ್ತಿದವನು ನಾನು, ಕೆಳಗೆ ನಿಂತು ಸೀಟಿ ಊದಿ ಸಿಗ್ನಲ್ ಕೊಟ್ಟವನು ನೀನು. ಇಬ್ಬರ ವಿದ್ಯೆಯೂ ಅಷ್ಟಕ್ಕಷ್ಟೆ.

ಗಂಟಲ ಕ್ಯಾನ್ಸರಿಗೆ ಆಗ ರೇಡಿಯೇಷನ್ ಕೊಟ್ಟಿದ್ದರಲ್ಲ, ಆ ಪೀಡೆ ನಾಲಿಗೆಯ ಬುಡದಲ್ಲಿ ಮತ್ತೆ ತಲೆ ಎತ್ತಿತು. ಇನ್ನೊಮ್ಮೆ ರೇಡಿಯೇಷನ್ ಕೊಟ್ಟರೆ ಮೈ ತಡೆಯಲ್ಲ ಅಂದರು. ದವಡೆ ಸೀಳಿ ತೆಗೆಯೋಣವೆಂದರೆ, ಸುಟ್ಟ ಕುತ್ತಿಗೆ ಹಳೇ ಚಪ್ಪಲಿಯ ಹಾಗಾಗಿದೆ, ಗಾಯ ಮಾಯುವುದು ಕಷ್ಟ. ಮಾತೂ ಹೋಗಬಹುದು, ನುಂಗುವುದೂ ಹೋಗಬಹುದು. ಡಾಕ್ಟರಮ್ಮ ನನ್ನ ಮಗಳಿಗಿಂತ ಚಿಕ್ಕವಳು. ರೋಬೋಟ್ ಇಟ್ಟುಕೊಂಡು ಬಾಯಿಯೊಳಗಿಂದಲೇ ತೆಗೆಯುತ್ತೇನೆ ಅಂದಳು. ಯಂತ್ರಕ್ಕೆ ತಲೆ ಕೊಡೋಕೆ ನಾನೇನು ಕಬ್ಬಾ ಅಂತ ರೇಗಿದೆ.

ಅವಳು ಸಿಟ್ಟಾಗಲಿಲ್ಲ. ಖಾಲಿಯಿದ್ದ ಆಪರೇಷನ್ ಕೋಣೆಗೆ ಕರೆದುಕೊಂಡು ಹೋದಳು. ನೋಡಿದರೆ ನಮ್ಮ ಕ್ರೇನೇ ಕಣೋ. ಮೂಲೆಯಲ್ಲಿ ಅವಳ ಕುರ್ಚಿ, ಹಣೆ ಒತ್ತಿ ಇಣುಕುವ ಗಾಜು, ಬೆರಳಿಗೆ ಹಿಡಿಗಳು. ಇಲ್ಲಿ ಬೆರಳು ಆಡಿಸಿದರೆ ಅಲ್ಲಿ ಕಡ್ಡಿಯಂಥ ಕೈ ಕೂದಲೆಳೆಯಷ್ಟು ಆಡುತ್ತದೆ. ತಾನಾಗಿ ಏನೂ ಮಾಡಲ್ಲ. ನಿಮಗೆ ಸಿಗ್ನಲ್ ಕೊಡೋರು ಯಾರು ಅಂತ ಕೇಳಿದೆ. ರೋಗಿಯ ತಲೆಯ ಹತ್ತಿರ ಕೂರುವ ಇನ್ನೊಬ್ಬ ಡಾಕ್ಟರನ್ನು ತೋರಿಸಿದಳು. ನಮ್ಮ ಕ್ರೇನಿನ ಕಾನೂನು ಅವಳಿಗೆ ಹೇಳಿದೆ: ಕೆಳಗೆ ಯಾರೇ ಕೈ ಎತ್ತಲಿ, ಕಸ ಗುಡಿಸುವವನೇ ಆಗಲಿ, ಭಾರ ಅಲ್ಲೇ ನಿಲ್ಲಬೇಕು. "ಇಲ್ಲೂ ಹಾಗೇ ಅಜ್ಜಾ" ಅಂದಳು. ಆ ಮಾತಿಗೇ ಒಪ್ಪಿದೆ.

ಮಲಗಿಸಿ ಮುಖಕ್ಕೆ ಮಾಸ್ಕ್ ತರುವಾಗ ನನ್ನ ಕೈ ಮೇಲಕ್ಕೆ ಹೋಯಿತು. ಮೂಗು ತುರಿಸಿತ್ತು, ಅಷ್ಟೆ. ಅವಳು "ನಿಲ್ಲಿಸಿ" ಅಂದಳು. ಎಲ್ಲರೂ ನಿಂತಲ್ಲೇ ನಿಂತರು. ಅಷ್ಟು ದೊಡ್ಡ ಡಾಕ್ಟರು, ಈ ಮುದುಕನ ಕೈಗೆ ಬೆಲೆ ಕೊಟ್ಟಳು ನೋಡು.

ಗಡ್ಡೆ ಪೂರ್ತಿ ಬಂದಿದೆಯಂತೆ, ಸುತ್ತ ರೋಗ ಏನೂ ಉಳಿದಿಲ್ಲವಂತೆ. ಇವತ್ತು ಒಂದು ಚಮಚ ನೀರು ನುಂಗಿದೆ, ಕೆಮ್ಮು ಬರಲಿಲ್ಲ. ದನಿ ತುಕ್ಕು ಹಿಡಿದ ಗೇಟಿನಂತಿದೆ. ನಿನ್ನನ್ನು ಬೈಯುವುದಕ್ಕೆ ಸಾಕು. ಬಂದು ಬೈಸಿಕೋ.

ನಿನ್ನ
ಸಿಡುಕ

ತಾ.ಕ.: ಮೂಗು ತುರಿಸಿತ್ತು ಅಂದದ್ದು ಸುಳ್ಳು. ಹೆದರಿದ್ದೆ. ಇಳಿದು ಓಡಿಹೋಗೋಣ ಅನ್ನಿಸಿತ್ತು. ಅವಳು ಯಾಕೆ ಅಂತ ಕೇಳಲಿಲ್ಲ, ಅವಸರ ಮಾಡಲಿಲ್ಲ, ಆ ಕೈ ಹಿಡಿದುಕೊಂಡು ನಿಂತಳು. ಕೊನೆಗೆ ನಾನೇ ಹೆಬ್ಬೆರಳು ಮೇಲೆ ಮಾಡಿದೆ. ಎತ್ತು ಅಂತ ನೀನು ಕೆಳಗಿನಿಂದ ತೋರಿಸುತ್ತಿದ್ದೆಯಲ್ಲ, ಹಾಗೆ.