ಪಿಲಾತನ ಪಾಲು

೧೫ ಏಪ್ರಿಲ್ ೧೯೮೪, ಗರಿಗಳ ಭಾನುವಾರ

ಒಂದೇ ಲೋಟ ಚಹಾ ಕಾಸಿಕೊಂಡೆ. ಹೆಂಡತಿ ಜೇವರ್ಗಿಯ ತವರಿಗೆ ಹೋಗಿ ಎರಡು ತಿಂಗಳಾತು. ಕಾಗದ ಇಲ್ಲ. ನಾನೂ ಬರೆದಿಲ್ಲ.

ಪ್ರಾರ್ಥನೆ ಮುಗಿದ ಮೇಲೆ ಸಭೆಯ ಹಿರಿಯ ಸಮುವೇಲಪ್ಪ ಶುಭ ಶುಕ್ರವಾರ ಓದುವ ಯೇಸುವಿನ ಮರಣದ ಕಥೆಯ ಪಾಲು ಹಂಚಿದ. ಪಾಸ್ಟರ್ ಬರೋದಿಲ್ಲ, ಅವರಿಗೆ ಆರು ಹಳ್ಳಿ. ಅಕ್ಷರ ಬರದವರಿಗೆ ಬಾಯಿಪಾಠ. ಪ್ರತಿವರ್ಷದಂತೆ ಪಿಲಾತ ನನಗೆ — ಯೇಸುವನ್ನು ಸಾವಿಗೆ ಒಪ್ಪಿಸಿ, ತಪ್ಪು ತನ್ನದಲ್ಲ ಅಂತ ಕೈ ತೊಳೆದುಕೊಂಡ ಅಧಿಪತಿ. ಸಾಲಿ ಮಾಸ್ತರ, ಇಸ್ತ್ರಿ ಅಂಗಿ — ನಮ್ಮ ಕೇರಿಯಲ್ಲಿ ಅಧಿಕಾರಿಯಂತೆ ಕಾಣೋನು ನಾನೊಬ್ಬನೇ. ಎಲ್ಲರೆದುರು ಹಿತ್ತಾಳೆ ಪರಾತದಲ್ಲಿ ಕೈ ತೊಳೆಯಬೇಕು. ಮಕ್ಕಳಿಗೆ ಅದೇ ಖುಷಿ.

"ಈ ಸಲ ಬ್ಯಾರೆ ಯಾರಿಗರ ಕೊಡ್ರಿ" ಅಂದೆ.

"ಯಾಕ್ರಿ ಮಾಸ್ತರ, ಕೈ ಹೊಲಸಾಗ್ಯಾವೇನು?" ಸಮುವೇಲಪ್ಪ ನಕ್ಕ. ನಕ್ಕವನು ತಟ್ಟನೆ ನಿಲ್ಲಿಸಿದ. ಅವನಿಗೂ ನೆನಪಾತು.

೧೬ ಏಪ್ರಿಲ್

ಬರೆದುಬಿಡ್ತೇನಿ. ಯಾರೂ ಓದೋದಿಲ್ಲ.

ಫೆಬ್ರವರಿ ಹನ್ನೊಂದು. ದೌಲತರಾಯ ಗೌಡನ ಹೊಲ. ನಮ್ಮ ಕೇರಿಯ ಭೀಮಶಾ ತೊಗರಿ ರಾಶಿಗೆ ಹೋಗಿದ್ದ. ನೀರಡಿಸಿ ಗೌಡನ ಬಾವಿಗೆ ಇಳಿದ. ನಮ್ಮವರು ಇಳಿಯಬಾರದ ಬಾವಿ. ಗೌಡನ ಮಗ, ಇಬ್ಬರು ಆಳು, ಬಡಿಗೆ. ನಾನು ನಿಂಬರ್ಗಾದಿಂದ ಸೈಕಲ್ ಮೇಲೆ ಬರ್ತಿದ್ದೆ. ಬೇವಿನ ಮರದ ಮರೆಗೆ ನಿಂತು ನೋಡಿದೆ.

ಸಂಜೆ ಪಂಚನಾಮೆ. ಮೆಟ್ಟಿಲು ಜಾರಿ ಬಿದ್ದು ಸಾವು — ಮೊದಲೇ ಬರೆದು ತಂದಿದ್ದರು. ಐವರು ಪಂಚರು, ಐವರೂ ನಮ್ಮ ಕೇರಿಯವರೇ. ಗೌಡ ಅಷ್ಟು ಜಾಣ. ನಾಲ್ವರಿಗೆ ಓದಲು ಬರೋದಿಲ್ಲ, ನನ್ನ ಮುಖ ನೋಡಿದರು. ನಾನು ಸಹಿ ಮಾಡಿದೆ. "ಮಾಸ್ತರ ಓದಿ ಮಾಡ್ಯಾರ, ಮತ್ತೇನು" ಅಂತ ಹೆಬ್ಬೆಟ್ಟು ಒತ್ತಿದರು. ಸಮುವೇಲಪ್ಪನೂ.

ಯಾಕೆ ಮಾಡಿದೆ? ನೌಕರಿ. ಸಾಲಿ ಕಮಿಟಿಗೆ ಗೌಡನೇ ಅಧ್ಯಕ್ಷ. ಅಷ್ಟೇ. ದೊಡ್ಡ ಕಾರಣ ಏನೂ ಇಲ್ಲ. ಮರುದಿನ ಹೆಂಡತಿ ಗಂಟು ಕಟ್ಟಿದಳು.

ಭೀಮಶಾನ ಹೆಂಡತಿ ನಿಂಬೆವ್ವ ನನಗೆ ಅಣ್ಣಾ ಅಂತಿದ್ದಳು. ಈಗ ಮಾಸ್ತರ ಅಂತಾಳೆ.

೧೮ ಏಪ್ರಿಲ್, ಬುಧವಾರ

ನೋಟೀಸು ಬಂತು. ನಿಂಬೆವ್ವ ಅರ್ಜಿ ಮೇಲೆ ಅರ್ಜಿ ಹಾಕಿಸಿದ್ದಾಳೆ. ಸೋಮವಾರ ಆಳಂದದ ತಹಶೀಲ ಕಚೇರಿಯಲ್ಲಿ ಮರುವಿಚಾರಣೆ, ಪಂಚರೆಲ್ಲ ಹಾಜರಾಗಬೇಕು.

ಸಲಾವುದ್ದೀನನ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕಿಸಿದೆ. ಕಿಸೆಯೊಳಗಿನ ನೋಟೀಸು ಅವನ ಕಣ್ಣಿಗೆ ಬಿತ್ತು.

"ಮಾಸ್ತರ, ನಿಮ್ಮ ಯೇಸೂನ್ನ ಕೊಂದೋರು ಯಾರ್ರಿ?"

"ಯೆಹೂದ್ಯರು ಅಂತಾರ."

"ಅವರನ್ನ ನೀವು ನೋಡೀರೇನು?"

"ಇಲ್ಲ."

"ಛಲೋ ಆತು. ನೋಡದೋರ ಮ್ಯಾಲ ಹಾಕೂದು ಸಸ್ತಾ." ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ಹುಡುಕುತ್ತಾ, "ಪಂಚನಾಮಾ ಆಗಿತ್ತೇನ್ರಿ? ಪಂಚರು ಯಾರ್ಯಾರು?"

ಮನೆಗೆ ಬಂದು ಬೈಬಲ್ ತೆಗೆದೆ.

ಹುಟ್ಟಿದಾಗಿನಿಂದ ಕೇಳಿದ ಸುಳ್ಳು. ಒಂದು ಜನಾಂಗ ಕೊಂದಿತಂತೆ. ಸತ್ತವನೂ ಅದೇ ಜನಾಂಗ, ಶಿಲುಬೆಯ ಕೆಳಗೆ ಅತ್ತ ತಾಯಿಯೂ ಅದೇ ಜನಾಂಗ. ಇಡೀ ಕೇರಿಯ ಮೇಲೆ ತಪ್ಪು ಹೊರಿಸೋದು ಅಂದರೇನು — ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಊರಲ್ಲಿ ದನ ಸತ್ತರೂ ನಮ್ಮ ಕೇರಿ ಮೇಲೆ. ಆದರೂ ವರ್ಷಕ್ಕೊಮ್ಮೆ ನಾವೂ ಅದನ್ನೇ ಮಾಡಿ, ಮನೆಗೆ ಹೋಗಿ ಉಣ್ತೀವಿ. ನಾಚಿಕೆಗೇಡು. ಕೊಂದದ್ದು ಅಧಿಕಾರ. ಕುರ್ಚಿ ಹೋದೀತೆಂದು ಹೆದರಿದ ಪಿಲಾತ. ಬಿಟ್ಟು ಓಡಿದ ಗೆಳೆಯರು. ಅಂದರೆ ನಾನು.

೨೦ ಏಪ್ರಿಲ್, ಶುಭ ಶುಕ್ರವಾರ, ಸಂಜೆ ೪

ಪರಾತ ಇಟ್ಟರು. ನೀರು ಹೊಯ್ದರು. ಕೈ ಹಾಕಲಿಲ್ಲ.

"ಭೀಮಶಾ ಜಾರಿ ಬಿದ್ದಿಲ್ಲ. ಬಡಿದು ಕೊಂದಾರ. ನೋಡೇನಿ. ನೋಡಿನೂ ಸಹಿ ಮಾಡೇನಿ."

ಮೂವತ್ತು ಜನ ಕೇಳಿಸಿಕೊಂಡರು. ಸಮುವೇಲಪ್ಪ ನೆಲ ನೋಡುತ್ತಾ, "ಮಾಸ್ತರ, ನಿಮ್ಮ ಪಾಲು ಓದ್ರಿ. ಹೊತ್ತು ಆಗ್ತದ" ಅಂದ.

ಅವನ ಹೆಬ್ಬೆಟ್ಟೂ ಅದೇ ಕಾಗದದಲ್ಲಿದೆ. ಒತ್ತಿಸಿದವನು ನಾನು. ಸಿಟ್ಟು ಯಾರ ಮೇಲೆ ಮಾಡಲಿ?

ಹಿಂದಿನಿಂದ ನಿಂಬೆವ್ವ ಎದ್ದಳು. ಅಳಲಿಲ್ಲ.

"ಇಲ್ಲಿ ಹೇಳಿದ್ರ ಏನ್ ಬಂತ್ರಿ ಮಾಸ್ತರ? ಇಲ್ಲಿ ಎಲ್ಲಾರಿಗೂ ಗೊತ್ತದ. ಸೋಮವಾರ ಅಲ್ಲಿ ಹೇಳ್ರಿ."

ಕೂತಳು. ಓದು ಅಲ್ಲಿಗೇ ನಿಂತಿತು. ಒಬ್ಬೊಬ್ಬರೇ ಎದ್ದು ಹೋದರು, ನನ್ನನ್ನು ಸುತ್ತುಹಾಕಿ, ದೂರದಿಂದ.

೨೩ ಏಪ್ರಿಲ್, ಸೋಮವಾರ, ಸಂಜೆ

ಈಸ್ಟರಿಗೆ ಹೋಗಲಿಲ್ಲ. ಯಾರೂ ಕರೆಯಲೂ ಇಲ್ಲ.

ಇವತ್ತು ಹೇಳಿದೆ. ಯಾರು, ಯಾವ ಕೈಯಲ್ಲಿ ಬಡಿಗೆ, ಎಷ್ಟು ಏಟು — ಎಲ್ಲ. ಉಳಿದ ನಾಲ್ವರು ಹಳೇ ಮಾತೇ ಹೇಳಿದರು. ಬೈಯಲಾರೆ. ಗೌಡ ಕಚೇರಿಯ ವರಾಂಡದಲ್ಲಿ ಚಹಾ ಕುಡೀತಿದ್ದ. "ಸೂಟಿ ಮುಗದ ಮ್ಯಾಲ ಸಾಲಿಗಿ ಬರೂ ತ್ರಾಸ ತಗೋಬ್ಯಾಡ್ರಿ ಮಾಸ್ತರ" ಅಂದ. ಮೆತ್ತಗೆ. ಬಸ್ಸಲ್ಲಿ ಊರವರಿದ್ದರು. ಪಕ್ಕದ ಸೀಟು ಕೊನೆವರೆಗೂ ಖಾಲಿ.

ಒಂದು ಮಾತು ಮಾತ್ರ ಅಧಿಕಾರಿ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮನೆ ಮುಂದಿನ ಕಟ್ಟೆಯ ಮೇಲೆ ನಿಂಬೆವ್ವ ಕೂತಿದ್ದಳು.

"ಹೇಳಿದ್ರೇನು?"

"ಹೇಳಿದೆ."

ಹೋಗಲಿಲ್ಲ. ಸೆರಗಿನ ಅಂಚು ಬೆರಳಿಗೆ ಸುತ್ತಿದಳು. ಆಮೇಲೆ —

"ಅವರು ಹ್ವಾದ ಮ್ಯಾಲ ಅಂವಗ ಜೀವ ಇತ್ತೇನು? ಏನರ ಅಂದ್ನೇನು... ಅಣ್ಣಾ?"

ಬಂದೆ ಇರು ಅಂತ ಒಳಗೆ ಬಂದೆ. ಬಾಯಿ ಬರಲಿಲ್ಲ, ಅದಕ್ಕೇ ಬರೀತಿದ್ದೇನಿ. ಬರೆದ ಮೇಲೆ ಹೇಳಲು ಬಂದೀತು. ಅವಳು ಇನ್ನೂ ಅಲ್ಲೇ ಇದ್ದಾಳೆ, ಬಳೆ ಸದ್ದು ಕೇಳ್ತಿದೆ.

ಜೀವ ಇತ್ತು. ಮರದ ಮರೆಯ ನನ್ನನ್ನು ಕಂಡಿದ್ದ. ಹೆಸರು ಹಿಡಿದು ಕರೆದ. ಎರಡು ಸಲ. ನೀರು ಅಂದ. ನಾನು ಸೈಕಲ್ ತಿರುಗಿಸಿ —