ಭತ್ತ ತುಳಿಯದವನು

ಮಸ್ಕಿ
15 ಡಿಸೆಂಬರ್ 2024, ಭಾನುವಾರ

ಪ್ರೀತಿಯ ನಂದಿನಿ ಅಕ್ಕನಿಗೆ,

ನಿನ್ನ ತಮ್ಮ ಪಂಪಾಪತಿಯ ಜೈಭೀಮ್. ನಾವೆಲ್ಲ ಆರಾಮಿದ್ದೇವೆ. ಬೀದರಿನ ಚಳಿಯಲ್ಲಿ ನೀನು, ಮಾವ, ಪುಟ್ಟಿ ಹೇಗಿದ್ದೀರಿ? ಮೂರು ವಾರದಿಂದ ನೀನು ಫೋನ್ ಮಾಡಿದಾಗೆಲ್ಲ "ಆಫೀಸಿನಲ್ಲಿದ್ದೇನೆ" ಎಂದು ಮಾತು ಕತ್ತರಿಸಿದ್ದೇನೆ. "ಭಾನುವಾರನೂ ಆಫೀಸೇನೋ ಸಾಹೇಬಾ?" ಎಂದು ಕಳೆದ ವಾರ ನಕ್ಕೆಯಲ್ಲ, ಆಗ ನಾನು ಮನೆಯ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದೆ. ತಪ್ಪಾಯಿತು. ಫೋನಿನಲ್ಲಾದರೆ ನೀನು "ಹೋಗಲಿ ಬಿಡೋ" ಎಂದುಬಿಡುತ್ತೀ, ನಾನೂ ಅಷ್ಟಕ್ಕೇ ನಿಲ್ಲಿಸಿಬಿಡುತ್ತೇನೆ. ಅದಕ್ಕೇ ಹಾಸ್ಟೆಲಿನಲ್ಲಿದ್ದಾಗ ಬರೆಯುತ್ತಿದ್ದ ಹಾಗೆ ಕಾಗದ ಹಿಡಿದು ಕೂತಿದ್ದೇನೆ. ಬೈದುಕೋ, ಆದರೆ ಕೊನೆಯವರೆಗೂ ಓದು.

ಗಾಡಿ ಸ್ಲಿಪ್ಪಾಗಿ ಬಿತ್ತು, ಲೈಟು ಒಡೆಯಿತು ಎಂದು ನಿನಗೆ ಹೇಳಿದ್ದೆ. ಅದು ಸುಳ್ಳು. ನಾನು ಲಿಂಗಸುಗೂರಿನ ಕಚೇರಿಗೆ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಹೋಗುವುದನ್ನು ನೋಡಲಾರದೆ ನೀನು ಕೊಡಿಸಿದ ಗಾಡಿ ಅದು. ವರ್ಷವಾದರೂ ನಾನು ಸೀಟಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ. "ನನ್ನ ಲಗ್ನದ ಸೀರಿಗೂ ಇಷ್ಟು ಜ್ವಾಕಿ ಮಾಡಿಲ್ಲ ನೀವು" ಎಂದು ನನ್ನ ಹೆಂಡತಿ ಪ್ರಿಯಾಂಕಾ ಆಡಿಕೊಳ್ಳುತ್ತಿದ್ದಳು. ಆ ಗಾಡಿಯಿಂದ ಒಬ್ಬ ಹೆಣ್ಣುಮಗಳಿಗೆ ಗುದ್ದಿದ್ದೇನೆ ಅಕ್ಕ.

ನವೆಂಬರ್ 24ರ ಭಾನುವಾರ. ಸಿಂಧನೂರಿನಲ್ಲಿ ಕಚೇರಿಯ ಗೆಳೆಯನ ಹೊಸ ಮನೆಯ ಊಟವಿತ್ತು. ಬಳಗಾನೂರಿನ ಮೇಲೆ ಹಾಯ್ದು ಹೋಗುತ್ತಿದ್ದೆ. ಸುಗ್ಗಿಯಲ್ಲಿ ನಮ್ಮ ಕಡೆ ರಸ್ತೆಗಳ ಗತಿ ನಿನಗೆ ಗೊತ್ತೇ ಇದೆ. ಅರ್ಧ ರಸ್ತೆಗೆ ಭತ್ತ ಒಣಹಾಕಿ, ಗಾಡಿ ಹತ್ತದಂತೆ ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ. ಎಡಗಡೆ ಹಾಗೆ ಭತ್ತ ಹರವಿದ್ದರಿಂದ ನಾನು ಬಲಗಡೆ ಹೋಗುತ್ತಿದ್ದೆ. ಎದುರಿಗೆ ಹುಲ್ಲಿನ ಟ್ರ್ಯಾಕ್ಟರ್ ಬಂತು. ನನ್ನ ಗಾಡಿ ಜೋರಾಗಿಯೇ ಇತ್ತು, ಬ್ರೇಕು ಸಾಲಲಿಲ್ಲ. ಎಡಕ್ಕೆ ತಿರುಗಿಸಿದರೆ ಭತ್ತ. ಬಲಕ್ಕೆ ತಿರುಗಿಸಿದರೆ ರಸ್ತೆಯ ಮಣ್ಣಂಚು, ಅಲ್ಲಿ ತಲೆಯ ಮೇಲೆ ಬುತ್ತಿ ಹೊತ್ತು ಒಬ್ಬಾಕೆ ನಡೆದು ಹೊರಟಿದ್ದಳು. ನಾನು ಬಲಕ್ಕೆ ತಿರುಗಿಸಿದೆ.

ಅವಳ ಹೆಸರು ಯಂಕಮ್ಮ. ಬಳಗಾನೂರಿನವಳೇ, ಕೂಲಿ ಮಾಡುತ್ತಾಳೆ, ಅರವತ್ತರ ಹತ್ತಿರ ಇರಬೇಕು. ಭತ್ತದ ಯಜಮಾನ ಓಡಿಬಂದ. ನನಗೆ ಎರಡೇಟು ಬೀಳುತ್ತವೆಂದೇ ತಿಳಿದಿದ್ದೆ. ಆದರೆ ಅವನು ಸೇರಿದ ಮಂದಿಗೆಲ್ಲ, "ಪಾಪ, ನೆಲ್ಲು ತುಳಿಬಾರ್ದಂತ ಗಾಡಿ ಆ ಕಡಿ ಹೊಳ್ಳಿಸ್ಯಾನ. ಬೇಕಂತ ಮಾಡಿದ್ದಲ್ಲ," ಎಂದ. ರಸ್ತೆಯಲ್ಲಿ ಹರವಿದ್ದು ಅವನ ಭತ್ತ. ಮಾತು ಬೇರೆ ಕಡೆಗೆ ಹೋದರೆ ಅವನಿಗೂ ಒಳ್ಳೆಯದೇ. ಎಲ್ಲರೂ ನನ್ನ ಮುಖ ನೋಡಿದರು. ನಾನು ಹೂಂ ಎಂದು ತಲೆ ಆಡಿಸಿದೆ.

ಆಟೊದಲ್ಲಿ ಅವಳನ್ನು ಸಿಂಧನೂರಿನ ದವಾಖಾನೆಗೆ ಕರೆದೊಯ್ದೆ. ಬಲಗೈ ಮಣಿಕಟ್ಟು ಎರಡು ಕಡೆ ಮುರಿದಿತ್ತು. ಅವಳ ಮಗಳು ಆದೆಮ್ಮ ಗದ್ದೆಯಿಂದ ಕೆಸರುಗಾಲಲ್ಲೇ ಬಂದವಳು ನನ್ನ ಮೇಲೆ ಹರಿಹಾಯ್ದಳು. "ಕಣ್ಣು ಎಲ್ಲಿಟ್ಟಿದ್ರಿ? ನಮ್ಮವ್ವ ನಿಮ್ಗ ಮನಷ್ಯಾಳಂಗ ಕಾಣ್ಲಿಲ್ಲೇನು?" ಮಂಚದ ಮೇಲಿದ್ದ ಯಂಕಮ್ಮನೇ ಮಗಳನ್ನು ಗದರಿದಳು. "ಸುಮ್ಕಿರ ಬೇ. ಅನ್ನ ತುಳಿಬಾರ್ದಂತ ಹೊಳ್ಳಿಸ್ಯಾನ ಅಂವ. ಇಂಥಾಂವಗ ಬೈದ್ರ ನನ್ನ ಬಾಯಾಗ ಹುಳ ಬೀಳತಾವ." ಪೊಲೀಸರು ಬಂದು ಕೇಳಿದಾಗಲೂ ಅದೇ ಮಾತು. ಕೇಸು ಬೇಡವೆಂದು ಹೆಬ್ಬೆಟ್ಟು ಒತ್ತಿಕೊಟ್ಟಳು.

ಮರುದಿನ ಗಾಡಿಯನ್ನು ಟಂಟಂ ಆಟೊದಲ್ಲಿ ಹೇರಿಕೊಂಡು ಸಿಂಧನೂರಿಗೇ ಹೋದೆ. ಮಸ್ಕಿಯಲ್ಲಿ ಗುರುತಿನ ಮಂದಿ ಕೇಳುತ್ತಾರೆಂಬ ಅಂಜಿಕೆ. ಹೆಡ್‌ಲೈಟು ಪುಡಿಯಾಗಿತ್ತು, ಹ್ಯಾಂಡಲ್ ಸೊಟ್ಟಾಗಿತ್ತು, ಮುಂದಿನ ಮಡಗಾರ್ಡ್ ಸೀಳಿತ್ತು. ಮೆಕ್ಯಾನಿಕ್ ಮಾಳಿಂಗಪ್ಪ ಕುಕ್ಕರಗಾಲಲ್ಲಿ ಕೂತು ನೋಡಿ, "ಯಾವದಕ್ಕ ಬಡದೈತ್ರಿ ಸರ?" ಎಂದ. ಬಾಯಿಗೆ ಬಂದಂತೆ "ಎಮ್ಮೆಗೆ" ಎಂದುಬಿಟ್ಟೆ. ಅವನು ಮಡಗಾರ್ಡ್ ಬಿಚ್ಚಿದಾಗ ಒಳಗಿನಿಂದ ಎರಡು ಹಸಿರು ಬಳೆಚೂರು ಬಿದ್ದವು. ಎತ್ತಿ ಅಂಗೈಯಲ್ಲಿಟ್ಟುಕೊಂಡು ನೋಡಿದ. "ಎಮ್ಮಿ ಬಳಿ ಇಟ್ಟಿತ್ತೇನ್ರಿ ಸರ?" ಎಂದ. ಆಮೇಲೆ ಸಂಜೆಯವರೆಗೂ ನನಗೆ ಬೆನ್ನು ತಿರುಗಿಸಿಯೇ ಕೆಲಸ ಮಾಡಿದ. ಚಹಾ ತರಿಸಿದಾಗಲೂ ತನಗೊಂದೇ ತರಿಸಿಕೊಂಡ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅತ್ತ ಊರಲ್ಲಿ ನನ್ನ ಹೆಸರು ದೊಡ್ಡದಾಗುತ್ತಾ ಹೋಯಿತು. ಬಳಗಾನೂರಿನಿಂದ ಬಂದ ಭತ್ತದ ಕಥೆಯನ್ನು ಪ್ರಿಯಾಂಕಾ ಓಣಿಗೆಲ್ಲ ಹೇಳಿಕೊಂಡು ಬಂದಳು. ಕಚೇರಿಯಲ್ಲಿ ಸಾಹೇಬರು ಭುಜ ತಟ್ಟಿ, "ಅನ್ನಕ್ಕ ಅಂಜೋ ಮಂದಿ ಈಗ ಎಲ್ಲ್ಯದಾರ್ರೀ," ಎಂದರು. ಗುದ್ದಿದವನು ನಾನು, ಶಾಬಾಸಗಿರಿಯೂ ನನಗೇ! ಮೊದಲೆರಡು ದಿನ, ಸುಳ್ಳೇಕೆ ಹೇಳಲಿ, ಆ ಮಾತು ಕೇಳಿ ನನಗೆ ಸಮಾಧಾನವೇ ಆಯಿತು. ಮೂರನೆಯ ದಿನದಿಂದ ಊಟ ಸೇರಲಿಲ್ಲ.

ಭಾನುವಾರಕ್ಕೊಮ್ಮೆ ಬಳಗಾನೂರಿಗೆ ಹೋಗಿ ಅವಳನ್ನು ನೋಡಿ ಬರುತ್ತಿದ್ದೇನೆ. ಇವತ್ತೂ ಹೋಗಿದ್ದೆ. ಮಣಿಕಟ್ಟು ಮೊದಲಿನಂತೆ ಬಾಗುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರಂತೆ. ಜನವರಿಯಲ್ಲಿ ನಾಟಿ ಶುರುವಾಗುತ್ತದೆ. ಸಸಿ ನೆಡುವ ಹೆಂಗಸರ ಸಾಲಿನಲ್ಲಿ ಮೂವತ್ತು ವರ್ಷದಿಂದ ಮೊದಲು ನಿಲ್ಲುವವಳು ಅವಳೇ; ಅವಳ ಕೈ ಓಡಿದಂತೆ ಉಳಿದವರ ಕೈ ಓಡಬೇಕು. "ಈ ಸಲ ಬದುವಿನ ಮ್ಯಾಲೆ ಕುಂತು ಎಲ್ಲಾರಿಗೂ ಬೈತೀನಿ, ಅದೊಂದ ಉಳದೈತಿ ನನಗ," ಎಂದು ನಕ್ಕಳು. ಆದೆಮ್ಮ ನಗಲಿಲ್ಲ. ನಾನು ಏಳಲು ಹೋದರೆ ಯಂಕಮ್ಮ ಬಿಡಲಿಲ್ಲ. "ಕುಂಡ್ರಪಾ, ಉಂಡು ಹೋಗು. ಅನ್ನಕ್ಕ ಬೆಲಿ ಕೊಟ್ಟಾಂವ ನಮ್ಮನ್ಯಾಗ ಉಣಲಾರ್ದ ಹೋಗಬಾರ್ದು." ಆದೆಮ್ಮ ಅನ್ನ, ಪುಂಡಿಪಲ್ಯ ಬಡಿಸಿದಳು. ನನ್ನೆದುರಿಗೇ ಯಂಕಮ್ಮ ಎಡಗೈಯಲ್ಲಿ ಚಮಚ ಹಿಡಿದು ಉಂಡಳು. ಅರ್ಧ ಅನ್ನ ಮಡಿಲಿಗೆ ಬೀಳುತ್ತಿತ್ತು. ನಾನು ಎರಡೇ ತುತ್ತು ಉಂಡೆ. ಖಾರ ಹತ್ತಿತು ಎಂದು ನೀರು ಕುಡಿದು ಎದ್ದುಬಂದೆ.

ಗಾಡಿ ಈಗ ಹೊಸದರಂತೆಯೇ ಇದೆ. ಎಲ್ಲಿ ಒಡೆದಿತ್ತೆಂದು ನೀನು ಹುಡುಕಿದರೂ ಸಿಗುವುದಿಲ್ಲ. ನನಗೆ ಮಾತ್ರ ಅದರ ಮೇಲೆ ಕೂರಲು ಕಾಲೇ ಬರುತ್ತಿಲ್ಲ, ಬಸ್ಸಿಗೇ ಓಡಾಡುತ್ತಿದ್ದೇನೆ. ಪುಟ್ಟಿಗೆ ನನ್ನ ಮುದ್ದು, ಅವಳ ಪರೀಕ್ಷೆ ಚೆನ್ನಾಗಿ ಆಗಲಿ. ಮಾವನಿಗೆ ನಮಸ್ಕಾರ. ಚಳಿಗೆ ನಿನ್ನ ಮಂಡಿನೋವು ಜೋರಾಗುತ್ತದೆ, ಬಿಸಿನೀರಿನ ಶಾಖ ಬಿಡಬೇಡ. ನಿನ್ನ ಕೈ ನನ್ನ ತಲೆಯ ಮೇಲಿರಲಿ ಅಕ್ಕ, ಇದನ್ನು ಓದಿದ ಮೇಲೂ.

ನಿನ್ನ ತಮ್ಮ,
ಪಂಪಾಪತಿ

ಮ.ವಿ.: ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಭತ್ತ ತುಳಿಯಬಾರದೆಂದು ನಾನು ತಿರುಗಿಸಲಿಲ್ಲ ಅಕ್ಕ. ಆ ಗಳಿಗೆಯಲ್ಲಿ ಭತ್ತದ ನೆನಪೇ ನನಗಿರಲಿಲ್ಲ. ಕಂಡದ್ದು ಅಂಚಿನ ಕಲ್ಲುಗಳು. ಅವುಗಳ ಮೇಲೆ ಹತ್ತಿದರೆ ಗಾಡಿ ಹಾಳಾಗುತ್ತದೆ ಅನ್ನಿಸಿತು. ಯಂಕಮ್ಮನನ್ನೂ ಕಂಡೆ, ಚೆನ್ನಾಗಿಯೇ ಕಂಡೆ. ಕಲ್ಲು ಸರಿಯುವುದಿಲ್ಲ, ಅವಳು ಸರಿಯುತ್ತಾಳೆ ಎಂದುಕೊಂಡು ಹಾರ್ನ್ ಒತ್ತಿ ತಿರುಗಿಸಿದೆ. ಅವಳು ಸರಿಯುತ್ತಲೇ ಇದ್ದಳು, ಬುತ್ತಿ ಬೀಳದಂತೆ ಹಿಡಿದುಕೊಂಡು. ಬರುವ ಭಾನುವಾರ ಅವಳ ಮುಂದೆ ಕೂತು ಇದನ್ನು ಹೇಳುತ್ತೇನೆ. ಮೊದಲು ನಿನಗೆ ಹೇಳದಿದ್ದರೆ ಅಲ್ಲಿ ಬಾಯಿ ಬರುವುದಿಲ್ಲ. ಅವ್ವ ನಾಟಿ ಮುಗಿಸಿ ನಮ್ಮಿಬ್ಬರನ್ನೂ ಕರೆದುಕೊಂಡು ಬರುವಾಗ, ಹಿಂದೆ ಗಾಡಿ ಸದ್ದು ಕೇಳಿದರೆ ಸಾಕು, ನಮ್ಮ ರಟ್ಟೆ ಹಿಡಿದು ಜಾಲಿಮುಳ್ಳಿನೊಳಗೆ ಇಳಿದುಬಿಡುತ್ತಿದ್ದಳು. ಕಾಲಿನ ಮುಳ್ಳು ಕೀಳುತ್ತಾ ನೀನು ಒಮ್ಮೆ ಕೇಳಿದ್ದೆ, "ಯವ್ವಾ, ಯಾವಾಗ್ಲೂ ನಾವ ಯಾಕ ಸರೀಬೇಕು?" ಎಂದು. ಈ ಸಲ ಗಾಡಿಯ ಮೇಲಿದ್ದವನು ನಿನ್ನ ತಮ್ಮ.